ಒಂದು ಗೇಣು ಕಡಿಮೆ

ಅಳತೆಯ ಟೇಪಿನ ಮೊದಲ ಫೂಟನ್ನು ಯಾರೂ ನೋಡುವುದಿಲ್ಲ. ಹಿತ್ತಾಳೆಯ ಉಂಗುರ ಹಿಡಿದವನು ಒಂದು ತುದಿಯಲ್ಲಿ ಕೂತಿರುತ್ತಾನೆ, ಅಂಕಿ ಓದುವವನು ಇನ್ನೊಂದು ತುದಿಯಲ್ಲಿ ಬಗ್ಗಿರುತ್ತಾನೆ. ಹಿಡಿದವನು ‘ಹೂಂ’ ಅಂದನೆಂದರೆ ಓದುವವನು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ನಾನು ಓದುವವನು. ಆ ‘ಹೂಂ’ ಮೇಲೆ ನನಗೆ ಎಷ್ಟು ನಂಬಿಕೆಯಿತ್ತೆಂದರೆ, ಟೇಪಿನ ಆ ತುದಿಯನ್ನು ಕಣ್ಣಾರೆ ನೋಡಿ ಎಷ್ಟು ತಿಂಗಳಾಗಿತ್ತೋ ನನಗೇ ನೆನಪಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ, ಒಂದು ಮಳೆಗಾಲ ಇಳಿಯುತ್ತಿದ್ದ ಹೊತ್ತಿನಲ್ಲಿ, ಬೆಳಗಾವಿಯ ಖಡೇಬಜಾರದ ಹಿಂದಿನ ಒಂದು ಗಲ್ಲಿಯನ್ನು ಮೂವತ್ತು ಫೂಟು ಅಗಲ ಮಾಡುವ ನಕ್ಷೆ ಮಂಜೂರಾಗಿ ನನ್ನ ಮೇಜಿಗೆ ಬಂತು. ಗಲ್ಲಿಯ ಹೆಸರು ಹೇಳುವುದಿಲ್ಲ, ಅಲ್ಲಿಯವರಿಗೆ ಹೇಳದೆಯೇ ತಿಳಿಯುತ್ತದೆ. ಆಗ ಅದರ ಅಗಲ ಇಪ್ಪತ್ತು ಫೂಟು. ಎರಡು ಚಕ್ಕಡಿ ಎದುರಾದರೆ ಒಂದು ಹಿಂದೆ ಸರಿಯಲೇಬೇಕು; ಯಾರು ಸರಿಯಬೇಕೆಂಬುದಕ್ಕೆ ಅರ್ಧ ತಾಸು ವಾದ. ನನ್ನ ಕೆಲಸ ಹೇಳಲು ಸುಲಭ. ಗಲ್ಲಿಯ ನಟ್ಟನಡುವೆ ಕಬ್ಬಿಣದ ಗೂಟ ಹೊಡೆಸುವುದು, ಗೂಟದಿಂದ ಎರಡೂ ಕಡೆ ಹದಿನೈದು ಹದಿನೈದು ಫೂಟು ಅಳೆದು ಪ್ರತಿ ಮನೆಯ ಒಳಗೋಡೆಯ ಮೇಲೆ ಕೆಂಪು ಬಣ್ಣದ ಗೆರೆ ಎಳೆಯುವುದು. ಗೆರೆಯ ಮುಂದಿನದೆಲ್ಲ ರಸ್ತೆಗೆ, ಹಿಂದಿನದು ಅವರಿಗೆ. ಪ್ರತಿ ಮನೆಗೆ ಐದು ಫೂಟು ಹೋಗುತ್ತಿತ್ತು.

ಕಾಗದದ ಮೇಲೆ ಐದು ಫೂಟು ಅಂದರೆ ಒಂದು ಗೀಟು. ಅಲ್ಲಿ ಅದು ಒಬ್ಬನ ಇಡೀ ಅಂಗಡಿ, ಇನ್ನೊಬ್ಬನ ಅಜ್ಜಿ ಮಲಗುವ ಕಟ್ಟೆ. ಗಲ್ಲಿಯ ಪೂರ್ವಕ್ಕೆ ಹೆಚ್ಚಾಗಿ ಮುಸಲ್ಮಾನರ ಮನೆಗಳು, ಪಶ್ಚಿಮಕ್ಕೆ ಹೆಚ್ಚಾಗಿ ಲಿಂಗಾಯತ ವ್ಯಾಪಾರಿಗಳವು, ಸಂದಿಯಲ್ಲಿ ಒಂದೆರಡು ಮರಾಠಿ ಮನೆತನ. ಎಲ್ಲರೂ ತಮ್ಮ ಮನೆಯೇ ಗಲ್ಲಿಯ ಮೊದಲ ಮನೆ ಎನ್ನುವವರು. ಕಾಗದ ತೋರಿಸಿ ಅಂದರೆ ಒಬ್ಬರು ಫಾರಸಿ ಬರಹದ್ದು ತರುತ್ತಿದ್ದರು, ಇನ್ನೊಬ್ಬರು ಹಳೆಯ ಮರಾಠಿಯ ಮೋಡಿ ಲಿಪಿಯದು, ಮೂರನೆಯವರು ಇಂಗ್ರೇಜರ ಮುದ್ರೆ ಬಿದ್ದದ್ದು. ಕೋಟೆಯಲ್ಲಿ ಯಾರು ಕೂತಿದ್ದರೋ ಅವರ ಭಾಷೆಯಲ್ಲಿ ಮನೆ ಬರೆಸಿಕೊಂಡಿದ್ದರು. ನನಗೆ ಓದಲು ಬರುತ್ತಿದ್ದದ್ದು ಫೂಟು, ಇಂಚು ಮಾತ್ರ.

ಮನೆಗಳೆಲ್ಲ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು. ಎರಡು ಮನೆಗಳ ನಡುವೆ ಒಂದೇ ಗೋಡೆ. ಅದು ಯಾರದೆಂದು ತಿಳಿಯಲು ಕಾಗದ ನೋಡುವ ಪದ್ಧತಿ ಅಲ್ಲಿರಲಿಲ್ಲ. ದೀಪ ಇಡುವ ಗೂಡು ಯಾರ ಮನೆಯ ಕಡೆ ಬಾಯಿ ತೆರೆದಿದೆಯೋ ಗೋಡೆ ಅವರದು, ಮುಗಿಯಿತು. ಕೋರ್ಟು ಕಚೇರಿ ಹತ್ತಿದ ಮನೆಗಳವರೂ ಈ ಗೂಡಿನ ಮಾತಿಗೆ ಎದುರಾಡುತ್ತಿರಲಿಲ್ಲ. ಮೊದಲ ವಾರ ಇದನ್ನೆಲ್ಲ ನೋಡುತ್ತ ನನಗೆ ಖುಷಿಯಾಗಿತ್ತು. ಆಮೇಲೆ ಖುಷಿಪಡಲು ಪುರಸೊತ್ತು ಸಿಗಲಿಲ್ಲ.

ಉಂಗುರ ಹಿಡಿಯುವವನು ಖಾನಾಪುರದವನು. ಮನೆಯಲ್ಲಿ ಮರಾಠಿ, ನನ್ನೊಡನೆ ಕನ್ನಡ, ಬೈಗುಳಕ್ಕೆ ಎರಡೂ. ನನಗಿಂತ ಹದಿನೈದು ವರ್ಷ ದೊಡ್ಡವನು. ಗೂಟಗಳನ್ನು ಹೊಡೆಸಿ ಪಶ್ಚಿಮದ ಹನ್ನೊಂದು ಮನೆಗಳಿಗೆ ಗೆರೆ ಎಳೆದದ್ದು ನಾವಿಬ್ಬರೇ. ಅಷ್ಟರಲ್ಲಿ ಮೇಲಿನಿಂದ ಹುಕುಂ ಬಂತು. ಖಾನಾಪುರದಲ್ಲಿ ಹಂಚಿನ ಭಟ್ಟಿಗಳ ಕಡೆಗೆ ಹೋಗುವ ರಸ್ತೆಯನ್ನು ನಾಲ್ಕು ದಿನದಲ್ಲಿ ಅಳೆದು ಕೊಡಬೇಕು. ಹೋದೆವು, ಕೆಸರಿನಲ್ಲಿ ಅಳೆದೆವು, ಬಂದೆವು. ಬಂದ ಮೇಲೆ ಪೂರ್ವದ ಹನ್ನೆರಡು ಮನೆಗಳನ್ನು ಮುಗಿಸಿದೆವು. ಕೊನೆಗೆ ತಾಳೆ ನೋಡಲು ಪಶ್ಚಿಮದ ಗೆರೆಯಿಂದ ಪೂರ್ವದ ಗೆರೆಗೆ ಟೇಪನ್ನು ಅಡ್ಡ ಹಿಡಿಸಿದೆ. ಮೂವತ್ತು ಫೂಟು. ಒಂದು ನೂಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ದಿನ ನಾನೇ ಚಹಾ ಕುಡಿಸಿದೆ.

ಚಹಾ ಕುಡಿಯುತ್ತಿದ್ದ ಜಾಗ ಪೂರ್ವದ ಸಾಲಿನ ನಡುವಿನ ಅಂಗಡಿ. ಅಲ್ಲೊಬ್ಬ ತಕ್ಕಡಿ ರಿಪೇರಿ ಮಾಡುವವರು ಇದ್ದರು. ಐವತ್ತು ದಾಟಿದವರು, ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳೊಡನೆ ಗಲ್ಲಿಯ ಕನ್ನಡ. ಊರಿನ ಅರ್ಧ ವ್ಯಾಪಾರಿಗಳ ತಕ್ಕಡಿ, ತೂಕದ ಕಲ್ಲು, ಗಜದ ಪಟ್ಟಿ ಅವರ ಕೈಯಿಂದಲೇ ಸರಿಯಾಗಿ ಸರಕಾರಿ ಮುದ್ರೆಗೆ ಹೋಗುತ್ತಿದ್ದವು. ಮಾತು ಕಡಿಮೆ. ತಕ್ಕಡಿಯ ಮುಳ್ಳು ನಡುವೆ ನಿಲ್ಲುವವರೆಗೂ ಉಸಿರು ಹಿಡಿದಿರುವ ಮನುಷ್ಯ. ಅಂಗಡಿಯ ಒಳಗೆ ಸಾಗುವಾನಿಯ ಒಂದು ಕಂಬ. ಆರು ಇಂಚು ದಪ್ಪ, ಮೇಲಿನ ಮಾಳಿಗೆಯ ತೊಲೆ ಪೂರ್ತಿ ಅದರ ತಲೆಯ ಮೇಲೆ. ಮಾಳಿಗೆಯಲ್ಲಿ ಅವರ ತಾಯಿ, ಹೆಂಡತಿ, ತೀರಿಕೊಂಡ ಅಣ್ಣನ ಸಂಸಾರ, ಒಟ್ಟು ಏಳು ಜನ. ನನ್ನ ಕೆಂಪು ಗೆರೆ ಬಿದ್ದದ್ದು ಕಂಬಕ್ಕಿಂತ ಮೂರು ಇಂಚು ಮುಂದೆ. ಗೆರೆ ಎಳೆದ ದಿನ ಅವರು ಕಂಬವನ್ನು ಒಮ್ಮೆ ಮುಟ್ಟಿ, ನನಗೆ ಚಹಾ ತರಿಸಿದ್ದರು. ಅಂದಿನಿಂದ ನಾನು ಕುಂಚ, ಬಣ್ಣದ ಡಬ್ಬಿ ಅಲ್ಲೇ ಇಡುವುದು ರೂಢಿಯಾಗಿತ್ತು.

ಅವರ ಎದುರಿಗೆ, ಪಶ್ಚಿಮದ ಸಾಲಿನಲ್ಲಿ, ಬಟ್ಟೆ ವ್ಯಾಪಾರಿಯೊಬ್ಬರ ಮನೆ. ತಾವಾಗಿಯೇ ಒಡೆದುಕೊಂಡರೆ ಕಟ್ಟಿಗೆ, ಹಂಚು ಅವರಿಗೇ ಎಂದು ನೋಟಿಸಿನಲ್ಲಿ ಬರೆದಿತ್ತು. ವ್ಯಾಪಾರಿ ಲೆಕ್ಕದ ಮನುಷ್ಯ, ಹಳ್ಳಿಯ ಕೂಲಿಗಳನ್ನು ಹಚ್ಚಿ ದೀಪಾವಳಿಗೆ ಹೊಸ ಮುಂಭಾಗ ಕಟ್ಟಬೇಕೆಂದು ಎಲ್ಲರಿಗಿಂತ ಮೊದಲು ಮನೆ ಒಡೆಸಿದರು. ಒಡೆಸಿದ ಮೂರನೆಯ ದಿನ ನನ್ನನ್ನು ಕರೆಕಳಿಸಿದರು.

ನಾನು ಹೋದಾಗ ಅವರು ಗಲ್ಲಿಯ ನಡುವೆ ಗೂಟದ ಹತ್ತಿರ ನಿಂತಿದ್ದರು. ಕೈಯಲ್ಲಿ ಬಟ್ಟೆಯ ಗಂಟು ಕಟ್ಟುವ ಹುರಿ. ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದನ್ನು ತಮ್ಮ ಮನೆಯ ಕೆಂಪು ಗೆರೆಗೆ ಮುಟ್ಟಿಸಿ ಅಲ್ಲಿ ಗಂಟು ಹಾಕಿದರು. ಆಮೇಲೆ ಅದೇ ಹುರಿಯನ್ನು ಹಿಡಿದು ಎದುರಿನ ತಕ್ಕಡಿ ಅಂಗಡಿಗೆ ನಡೆದರು. ಗಂಟು ಅಲ್ಲಿಯ ಗೆರೆಯನ್ನು ದಾಟಿ, ಕಂಬವನ್ನು ದಾಟಿ, ಅದರ ಬೆನ್ನಿಗೆ ಹೋಗಿ ನಿಂತಿತು.

“ನಿಮ್ಮ ಟೇಪ ಏನ ಹೇಳತೈತೋ ಗೊತ್ತಿಲ್ರಿ,” ಅಂದರು ವ್ಯಾಪಾರಿ. “ನನ್ನ ಹುರಿ ಮಾತ್ರ ಒಂದ ಗೇಣ ಫರಕ್ ಐತಿ ಅಂತೈತಿ. ನೀವು ದಿನಾ ಚಾ ಕುಡಿಯೂದು ಆ ಕಡಿ. ಜನಾ ಮಾತಾಡಾಕತ್ತಾರ.”

ಟೇಪು ತರಿಸಿ ಅವರ ಕಡೆ ಹಿಡಿಸಿದೆ. ಹದಿನೈದು ಫೂಟು ಒಂಬತ್ತು ಇಂಚು. ಪಶ್ಚಿಮದ ಉಳಿದ ಹತ್ತು ಮನೆಗಳಲ್ಲೂ ಅಷ್ಟೇ. ಪೂರ್ವದಲ್ಲಿ ಯಾವ ಮನೆಗೆ ಹೋದರೂ ಹದಿನೈದು ಸರಿ. ಅಂದರೆ ಪಶ್ಚಿಮದವರಿಂದ ನಾನು ಒಂಬತ್ತು ಇಂಚು ಹೆಚ್ಚು ಕಿತ್ತುಕೊಂಡಿದ್ದೆ, ಒಬ್ಬರ ಮನೆಯನ್ನು ತಪ್ಪು ಗೆರೆಗೆ ಒಡೆಸಿಯೂ ಬಿಟ್ಟಿದ್ದೆ. ನಾಳೆ ನೋಡಿ ಹೇಳುತ್ತೇನೆ ಎಂದು ತೊದಲಿ ಸೈಕಲ್ ಹತ್ತಿದೆ. ಅಂದು ಊಟ ಸೇರಲಿಲ್ಲ. ಹೆಂಡತಿ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು. ಲಂಚ ತಿಂದವ ಅನ್ನಿಸಿಕೊಳ್ಳುವುದು ಹೋಗಲಿ. ಆ ಗಲ್ಲಿಯಲ್ಲಿ ಈ ಕಡೆಯವರಿಗೆ ಇಷ್ಟು, ಆ ಕಡೆಯವರಿಗೆ ಅಷ್ಟು ಎಂಬ ಮಾತು ಹುಟ್ಟಿದರೆ ಅದು ಟೇಪಿನ ಮಾತಾಗಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಾಗ ಒಂದು ಲೆಕ್ಕ ತಲೆಗೆ ಬಂತು. ಒಂದು ಕಡೆ ಹದಿನೈದು ಮುಕ್ಕಾಲು, ಇನ್ನೊಂದು ಕಡೆ ಹದಿನೈದು. ಕೂಡಿಸಿದರೆ ಮೂವತ್ತು ಮುಕ್ಕಾಲು ಆಗಬೇಕು. ಆದರೆ ಅಡ್ಡ ಹಿಡಿಸಿದಾಗ ಬಂದದ್ದು ಬರೀ ಮೂವತ್ತು. ಎರಡು ಮನೆಗಳು ಸುಳ್ಳು ಹೇಳಬಹುದು, ಕೂಡಿಕೆ ಹೇಳುವುದಿಲ್ಲ. ಕೆಟ್ಟದ್ದು ಟೇಪೇ ಇರಬೇಕು. ಬಾಯಿ ಮುಕ್ಕಳಿಸಿದವನೇ ಟೇಪು ಹಿಡಿದು ಗಲ್ಲಿಗೆ ಓಡಿದೆ. ಅಂದು ರವಿವಾರ. ಕಚೇರಿಯ ವರಾಂಡದಲ್ಲಿ ಟೇಪು ತಾಳೆ ನೋಡಲು ಹೂಳಿದ ಎರಡು ಕಲ್ಲುಗಳಿದ್ದವು, ಆದರೆ ಗೇಟಿಗೆ ಬೀಗ. ಊರಿನಲ್ಲಿ ನಂಬುವಂಥ ಅಳತೆ ಇದ್ದದ್ದು ಇನ್ನೊಂದೇ ಕಡೆ.

ತಕ್ಕಡಿಯವರು ಅಂಗಡಿ ತೆರೆಯುತ್ತಿದ್ದರು. ಟೇಪು ಕೈಗೆ ಕೊಟ್ಟೆ. ಅವರು ಗೋಡೆಯ ಗೂಡಿನಿಂದ ಮುದ್ರೆ ಹೊಡೆದ ಕಬ್ಬಿಣದ ಪಟ್ಟಿ ತೆಗೆದು, ಚಿಂದಿಯಿಂದ ಒರೆಸಿ, ಟೇಪಿನ ಉಂಗುರವನ್ನು ಅದರ ಸೊನ್ನೆಗೆ ಹೊಂದಿಸಿದರು. ಉಂಗುರದ ಹತ್ತಿರ ತೊಗಲಿನ ತೇಪೆ ಇತ್ತು, ಹೊಸ ದಾರದ ಹೊಲಿಗೆ. ಟೇಪಿನ ಒಂದು ಫೂಟಿನ ಗುರುತು ಪಟ್ಟಿಯ ಮೂರನೆಯ ಇಂಚಿನ ಮೇಲೆ ಬಿದ್ದಿತ್ತು.

ಅವರು ತಲೆ ಎತ್ತಿ ಮೊದಲು ನನ್ನನ್ನು ನೋಡಲಿಲ್ಲ, ಕಂಬವನ್ನು ನೋಡಿದರು. ಏನಾಗಲಿದೆಯೆಂದು ಅವರಿಗೆ ನನಗಿಂತ ಮೊದಲೇ ತಿಳಿಯಿತು. ಆಮೇಲೆ ತಕ್ಕಡಿಯ ಭಾಷೆಯಲ್ಲೇ ಹೇಳಿದರು.

“ಟೇಪ ತಿನ್ನಾಕತ್ತೈತ್ರಿ. ಒಂಬತ್ತ ಇಂಚ.”

ಹಾಗಾದರೆ ಪಶ್ಚಿಮದ ಗೆರೆಗಳು ಸರಿಯಾಗಿದ್ದವು, ಖಾನಾಪುರಕ್ಕೆ ಹೋಗುವ ಮೊದಲಿನವು. ತಪ್ಪಿದ್ದು ಪೂರ್ವದ ಹನ್ನೆರಡು. ನಾನು ತಾಳೆ ನೋಡಿ ಬೀಗಿದ ಆ ಮೂವತ್ತು ಫೂಟೂ ಅದೇ ಟೇಪಿನದು. ಇಪ್ಪತ್ತೊಂಬತ್ತು ಕಾಲು ಫೂಟಿನ ಜಾಗಕ್ಕೆ ತನ್ನ ಮುಕ್ಕಾಲು ಸೇರಿಸಿ ಮೂವತ್ತು ತೋರಿಸಿತ್ತು. ತಪ್ಪಿಗೆ ತಪ್ಪೇ ಸಾಕ್ಷಿ ಹೇಳಿತ್ತು, ನಾನು ಅದಕ್ಕೆ ಚಹಾ ಕುಡಿಸಿದ್ದೆ.

ಉಂಗುರ ಹಿಡಿಯುವವನನ್ನು ಮನೆಯಿಂದ ಕರೆಸಿದೆ. ತೇಪೆ ತೋರಿಸಿದ ಕೂಡಲೇ ಅವನು ಕಟ್ಟೆಯ ಮೇಲೆ ಕುಸಿದು ಕೂತ. ಖಾನಾಪುರದಲ್ಲಿ ಹಂಚು ಹೇರಿದ ಚಕ್ಕಡಿಯ ಗಾಲಿಗೆ ಸಿಕ್ಕು ಟೇಪಿನ ತುದಿ ಹರಿದಿತ್ತು. ನಾನಾಗ ದೂರದ ತುದಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಅಲ್ಲಿಯ ಕೆಲಸ ಮುಗಿದ ಸಂಜೆ ಅವನು ಯಾರಿಗೂ ಹೇಳದೆ ಸಂತೆಯಲ್ಲಿ ಹೊಲಿಸಿದ್ದ.

“ಚಪ್ಲಿ ಹೊಲ್ಯಾಂವನ ಕಡಿಂದ ಹೊಲಿಸಿದ್ನಿರಿ. ಹರದ ತುಕಡಿ ಕೆಸರಾಗ ಹೋಗಿತ್ತು. ಹೇಳಿದ್ರ ಪಗಾರದಾಗ ಹಿಡೀತಾರ ಅಂತ ಅಂಜಿದ್ನಿ. ಉಂಗುರ ಐತಿ, ಟೇಪ ಐತಿ, ಇನ್ನೇನ ಅಂತ ತಿಳಕೊಂಡ್ನಿ.”

ಬೈಯಲು ಬಾಯಿ ತೆರೆದೆ. ಆದರೆ ಹನ್ನೆರಡು ಮನೆ ಅಳೆಯುವವರೆಗೂ ಆ ತುದಿಯನ್ನು ಒಮ್ಮೆಯೂ ನೋಡದವನು ನಾನೇ. ಪ್ರತಿ ಸೋಮವಾರ ವರಾಂಡದ ಕಲ್ಲುಗಳ ಮೇಲೆ ಟೇಪು ಇಟ್ಟು ನೋಡಬೇಕೆಂಬ ನಿಯಮಕ್ಕೆ ನೋಡದೆಯೇ ಸಹಿ ಹಾಕುತ್ತ ಬಂದವನೂ ನಾನೇ.

ಸೋಮವಾರ ಮೇಲಿನ ಸಾಹೇಬರಿಗೆ ಹೇಳಿದೆ. ಅವರು ಬಾಗಿಲು ಹಾಕಿಸಿ, ಧ್ವನಿ ತಗ್ಗಿಸಿ ಒಂದು ದಾರಿ ತೋರಿಸಿದರು. ಪಶ್ಚಿಮದ ಗೆರೆಗಳನ್ನೂ ಒಂಬತ್ತು ಇಂಚು ಮುಂದಕ್ಕೆ ಎಳೆದುಬಿಡು, ಎರಡೂ ಕಡೆ ಸಮ ಆಗುತ್ತದೆ, ರಸ್ತೆ ಇಪ್ಪತ್ತೆಂಟೂವರೆ ಆದರೆ ಯಾವ ಚಕ್ಕಡಿ ಕೇಳುತ್ತದೆ? ಬಟ್ಟೆ ವ್ಯಾಪಾರಿಯನ್ನು ತಾವೇ ಸಮಾಧಾನ ಮಾಡುವುದಾಗಿಯೂ ಹೇಳಿದರು.

ಆ ಮಾತು ನನಗೆ ಎಷ್ಟು ಹಿಡಿಸಿತೆಂದು ಈಗಲೂ ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಂಬ ಉಳಿಯುತ್ತಿತ್ತು. ಏಳು ಜನರ ಮಾಳಿಗೆ ಉಳಿಯುತ್ತಿತ್ತು. ಉಂಗುರ ಹಿಡಿಯುವವನ ಪಗಾರ ಉಳಿಯುತ್ತಿತ್ತು. ಎರಡು ದಿನ ಕುಂಚವನ್ನು ಬಣ್ಣಕ್ಕೆ ಅದ್ದುವುದು, ತೆಗೆಯುವುದು, ಇದೇ ಮಾಡಿದೆ. ಆದರೆ ವ್ಯಾಪಾರಿಯ ಹುರಿ ಅವರ ಅಂಗಡಿಯ ಮೊಳೆಗೆ ಗಂಟಿನ ಸಮೇತ ತೂಗುತ್ತಿತ್ತು; ಹೋಗಿ ಬರುವವರೆಲ್ಲ ಅದನ್ನು ಮುಟ್ಟಿ ನೋಡುತ್ತಿದ್ದರು. ಅವರು ಒಡೆಸಿದ್ದು ಬೇಡದ ಒಂದು ಗೇಣು ಎಂದು ನಾಳೆ ಗೊತ್ತಾದರೆ? ಪುಸ್ತಕದಲ್ಲಿ ತಿದ್ದಿದ ಅಂಕಿಗಳನ್ನು ಯಾರಾದರೂ ತೆರೆಸಿದರೆ? ಮೂರನೆಯ ದಿನ ಸಾಹೇಬರ ಮುಂದೆ ನಿಂತು, ಪೂರ್ವವನ್ನೇ ಮತ್ತೆ ಅಳೆಯುತ್ತೇನೆ ಎಂದು ಬರೆದುಕೊಟ್ಟೆ. ಜನ ಆಮೇಲೆ ಇದನ್ನು ಪ್ರಾಮಾಣಿಕತೆ ಅಂದರು. ನಿಜ ಹೇಳಬೇಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಹೆದರಿಕೆ.

ಕಚೇರಿಯಿಂದ ಉಕ್ಕಿನ ಟೇಪು ತಂದು, ಕಲ್ಲುಗಳ ಮೇಲೆ ತಾಳೆ ನೋಡಿ, ಎರಡೂ ಸಾಲಿನ ಐವರು ಹಿರಿಯರನ್ನು ನಿಲ್ಲಿಸಿಕೊಂಡು ಅಳೆದೆ. ಏನು ತಪ್ಪಾಗಿತ್ತೆಂದು ಮೊದಲೇ ಎಲ್ಲರೆದುರು ಹೇಳಿದೆ. ಹಳೆಯ ಕೆಂಪು ಗೆರೆಗಳ ಹಿಂದೆ ಹನ್ನೆರಡು ಬಿಳಿ ಗೆರೆಗಳು ಬಿದ್ದವು. ತಕ್ಕಡಿ ಅಂಗಡಿಯಲ್ಲಿ ಬಿಳಿ ಗೆರೆ ಕಂಬದ ಬೆನ್ನಿಗೆ ಸರಿಯಾಗಿ ತಾಗಿ ಬಿತ್ತು. ಕಂಬ ಪೂರ್ತಿ ರಸ್ತೆಗೆ. ಅವರು ನನ್ನನ್ನು ಕೇಳಿದ್ದು, ಒಡೆಯುವ ಗ್ಯಾಂಗು ಎಂದು ಬರುತ್ತದೆ ಎಂಬುದೊಂದೇ. ಮೂರು ವಾರ ಅಂದೆ.

ಗ್ಯಾಂಗಿನವರು ಹಾರೆ ಹಾಕಿ ಕಂಬ ಎಳೆದರೆ ಮಾಳಿಗೆ ಕೂತುಬಿಡುತ್ತದೆ. ಅದಕ್ಕೆ ಮೊದಲೇ ತೊಲೆಗೆ ಒಳಗಡೆ ಬೇರೆ ಆಧಾರ ಕೊಡಬೇಕು. ಉಂಗುರ ಹಿಡಿಯುವವನು ರಜೆ ಹಾಕಿ ಖಾನಾಪುರಕ್ಕೆ ಹೋಗಿ, ತನ್ನ ಭಾವನಾದ ಬಡಗಿಯನ್ನು ಕರೆದುಕೊಂಡು, ಸಾಗುವಾನಿಯ ಒಂದು ಅಡ್ಡತೊಲೆಯನ್ನು ಹೇರಿಸಿಕೊಂಡು ಬಂದ. ಅದರ ಖರ್ಚು ಯಾರು ಕೊಟ್ಟರೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಡ್ಡತೊಲೆಯ ಒಂದು ತುದಿ ಕೂರಬೇಕಾದ ಗೋಡೆಯ ಗೂಡು ಪಕ್ಕದ ಮನೆಯ ಕಡೆ ಬಾಯಿ ತೆರೆದಿತ್ತು. ಅಂದರೆ ಗೋಡೆ ಪಕ್ಕದ ಮನೆಯವರದು. ತಕ್ಕಡಿಯವರು ಹೋಗಿ ಕೇಳಿದರು, ಅವರು ಗೂಡಿನಲ್ಲಿದ್ದ ದೀಪ ತೆಗೆದು ಬದಿಗಿಟ್ಟು, ತೂತು ಹೊಡೆಯಿರಿ ಎಂದರು. ಕಾಗದ ಯಾರೂ ಕೇಳಲಿಲ್ಲ. ಮಾಳಿಗೆಯ ಏಳು ಜನ ಮೂರು ದಿನ ಎದುರಿನ ಬಟ್ಟೆ ವ್ಯಾಪಾರಿಯ ಮನೆಯಲ್ಲಿದ್ದರು.

ಕಂಬ ಬಿಡಿಸುವಾಗ ನಾನು ಅಲ್ಲಿದ್ದೆ. ಬಡಗಿ ಅಡ್ಡತೊಲೆಯ ಕೆಳಗೆ ಬೆಣೆ ಹೊಡೆಯುತ್ತಿದ್ದ. ಒಂದೊಂದು ಪೆಟ್ಟಿಗೂ ಮಾಳಿಗೆ ನರಳುತ್ತಿತ್ತು, ಹಂಚಿನ ಧೂಳು ನನ್ನ ತಲೆಯ ಮೇಲೆ ಉದುರುತ್ತಿತ್ತು. ಬಿದ್ದರೆ ನನ್ನ ಮೇಲೇ ಬೀಳಲಿ ಎಂದು ಅಲ್ಲೇ ನಿಂತಿದ್ದೆ. ಬಡಗಿ ಹೊರಗೆ ಹೋಗ್ರಿ ಎಂದು ಎರಡು ಸಲ ಗದರಿದ. ಕೊನೆಗೆ ಕಂಬದ ತಲೆಗೂ ತೊಲೆಗೂ ನಡುವೆ ಒಂದು ಕಾಗದ ಹೋಗುವಷ್ಟು ಬೆಳಕು ಕಂಡಿತು. ತಕ್ಕಡಿಯವರು ಹಿಡಿದಿದ್ದ ಉಸಿರು ಬಿಟ್ಟರು. ಗ್ಯಾಂಗು ಬರುವ ಹತ್ತು ದಿನ ಮೊದಲೇ ಅವರ ಮನೆ ಬಿಳಿ ಗೆರೆಗೆ ಸರಿಯಾಗಿ ಐದು ಫೂಟು ಹಿಂದೆ ಸರಿದು ನಿಂತಿತ್ತು.

ಗ್ಯಾಂಗು ಬರಲಿಲ್ಲ.

ಬರುವ ನಾಲ್ಕು ದಿನ ಮೊದಲು ಎರಡೂ ಸಾಲಿನ ಒಂಬತ್ತು ಮಾಲೀಕರು ಕೂಡಿ ಕೋರ್ಟಿಗೆ ಹೋದರು. ಕಟಕಟೆಯಲ್ಲಿ ವಕೀಲರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಗಲ್ಲಿಯ ಪೂರ್ವಭಾಗವನ್ನು ಎಷ್ಟು ಸಲ ಅಳೆದಿರಿ? ಎರಡು ಸಲ. ಎರಡೂ ಸಲ ಒಂದೇ ಅಳತೆ ಬಂತೇ? ಇಲ್ಲ. ಅಷ್ಟೇ ಸಾಕಾಯಿತು, ತಡೆಯಾಜ್ಞೆ ಸಿಕ್ಕಿತು. ಸಾಹೇಬರು ವರ್ಗವಾಗಿ ಹೋದರು, ಫೈಲು ಕಪಾಟಿನ ಮೇಲೇರಿತು. ಇಪ್ಪತ್ತೊಂದು ಮನೆಗಳು ಇದ್ದಲ್ಲೇ ಉಳಿದವು. ಹಿಂದೆ ಸರಿದದ್ದು ಎರಡೇ, ನನ್ನ ಗೆರೆಯನ್ನು ನಂಬಿದ ಆ ಎರಡು. ಸಾಹೇಬರ ಮಾತು ಕೇಳಿ ಸುಮ್ಮನಿದ್ದಿದ್ದರೆ ಕಂಬ ಅದರ ಜಾಗದಲ್ಲೇ ಇರುತ್ತಿತ್ತು. ಈ ಮಾತು ನನ್ನನ್ನು ಬಹಳ ಕಾಲ ಕೊರೆಯಿತು. ಆ ಗಲ್ಲಿಯನ್ನು ತಪ್ಪಿಸಿಕೊಂಡು ಅರ್ಧ ಮೈಲು ಸುತ್ತಿ ಕಚೇರಿಗೆ ಹೋಗುತ್ತಿದ್ದೆ.

ಆರೇಳು ವರ್ಷವಾಯಿತು. ಆಗ ನನಗೆ ಊರ ಉತ್ತರಕ್ಕೆ ಮಹಾಂತೇಶ ನಗರದ ಕಡೆ ಪ್ಲಾಟು ಅಳೆಯುವ ಕೆಲಸ. ಅಲ್ಲಿ ಎಲ್ಲವೂ ನೆಟ್ಟಗೆ. ಗೂಡು ಯಾರ ಕಡೆಗಿದೆ ಎಂದು ಕೇಳುವ ಪ್ರಶ್ನೆಯೇ ಇಲ್ಲ, ಗೋಡೆಯೇ ಇನ್ನೂ ಎದ್ದಿರಲಿಲ್ಲ. ಒಂದು ಮಧ್ಯಾಹ್ನ ಉಪಕರಣಗಳೊಂದಿಗೆ ರಿಕ್ಷಾ ಹತ್ತಿ ಬರುವಾಗ ಖಡೇಬಜಾರದಲ್ಲಿ ಗದ್ದಲ. ರಿಕ್ಷಾದವನು ಸಟ್ಟನೆ ಆ ಗಲ್ಲಿಗೆ ನುಗ್ಗಿಸಿದ. ಬೇಡ ಅಂದೆ.

“ಇಲ್ಲೇ ತಿರಿವಿಕೊಂತೀನ್ರಿ,” ಅಂದ ಅವನು. “ಇಡೀ ಪ್ಯಾಟ್ಯಾಗ ಗಾಡಿ ತಿರಗಾಕ ಇದೊಂದ ಜಾಗ ಐತಿ.”

ಎದುರುಬದುರಾದ ಆ ಎರಡು ಮನೆಗಳ ಮುಂದೆ ಅಂಗಳದಂತೆ ಒಂದು ಚೌಕ ಆಗಿತ್ತು. ಒಂದು ಕೈಗಾಡಿ ಅಲ್ಲಿ ನಿಂತು ಇನ್ನೊಂದಕ್ಕೆ ದಾರಿ ಬಿಡುತ್ತಿತ್ತು. ತರಕಾರಿಯವಳು ನೆರಳು ನೋಡಿ ಕೂತಿದ್ದಳು. ತಕ್ಕಡಿಯವರು ಅಂಗಡಿಯಲ್ಲಿ ಒಂದು ಉದ್ದನೆಯ ಬೆಂಚಿನ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಗಡ್ಡ ಬೆಳ್ಳಗಾಗಿತ್ತು. ಬೆಂಚನ್ನು ನೋಡಿದೊಡನೆ ಗುರುತು ಸಿಕ್ಕಿತು, ಅದೇ ಕಂಬ. ರಿಕ್ಷಾದಲ್ಲಿ ಮುಖ ಮರೆಸಿಕೊಂಡು ಕೂತಿದ್ದ ನನ್ನನ್ನು ಅವರು ನೋಡಿ, ಬರ್ರಿ ಎಂದು ಕೈ ಮಾಡಿದರು. ಇಳಿದೆ. ತಪ್ಪಾಯಿತು ಎಂದು ಹೇಳಲು ಹೊರಟೆ. ಅವರು ಅದನ್ನು ಕೇಳಿಸಿಕೊಳ್ಳುವ ಮನಸ್ಸಿನಲ್ಲಿರಲಿಲ್ಲ. ರಿಕ್ಷಾದಲ್ಲಿದ್ದ ನನ್ನ ಹೊಸ ಟೇಪಿನ ಕಡೆ ಬೆರಳು ತೋರಿಸಿದರು.

ಕೊಟ್ಟೆ. ಅವರು ಮೊದಲು ಗೂಡಿನಿಂದ ಅದೇ ಕಬ್ಬಿಣದ ಪಟ್ಟಿ ತೆಗೆದು, ಟೇಪಿನ ಮೊದಲ ಫೂಟಿಗೆ ಇಟ್ಟು ನೋಡಿದರು. ಸರಿಯಿತ್ತು. ಆಮೇಲೆ ಉಂಗುರವನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ಹಿಡಿಯಲು ಹೇಳಿ, ಟೇಪು ಬಿಚ್ಚುತ್ತ ಎದುರಿನ ಬಟ್ಟೆ ವ್ಯಾಪಾರಿಯ ಮನೆಗೆ ನಡೆದರು. ರಿಕ್ಷಾಗಳು ನಿಂತವು. ನಾನು ಮೊಣಕಾಲೂರಿ ಕೂತು, ಉಂಗುರವನ್ನು ಗೋಡೆಗೆ ಒತ್ತಿ, ಅದು ಅಲ್ಲಾಡದಂತೆ ಎರಡು ಸಲ ನೋಡಿ, ‘ಹೂಂ’ ಅಂದೆ. ಅವರು ಅಲ್ಲಿ ಬಗ್ಗಿ, ಕಣ್ಣು ಕಿರಿದು ಮಾಡಿ ಓದಿದರು.

“ಮೂವತ್ತ,” ಅಂದರು. “ಬರೋಬ್ಬರಿ. ಬರಕೋರ್ರಿ ಸಾಹೇಬ್ರ.”

ಬರೆದುಕೊಳ್ಳಲು ನನ್ನ ಬಳಿ ಆ ಗಲ್ಲಿಯ ಪುಸ್ತಕ ಇರಲಿಲ್ಲ.